ಸಿ.ಪಿ. (ಸೆರೆಬ್ರಲ್ ಪಾಲ್ಸಿ, ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರದ ಸ್ಥಿತಿ) ಮಕ್ಕಳ ಪೋಷಕರ ಬಳಗ: ಫಿಸಿಯೋಥೆರಪಿಸ್ಟ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮೇಡಂ ಇವತ್ತು 4ರಿಂದ 6ರವರೆಗೆ ಇರ್ತಾರೆ. ಮಗುವಿನ ವಯಸ್ಸು, ಕೂರುತ್ತಾ, ನಿಲ್ಲುತ್ತಾ, ಫಿಟ್ಸ್ ಇದೆಯಾ, ಯಾವ ಮಾತ್ರೆ ಅಂತ ಬರೆದೇ ಪ್ರಶ್ನೆ ಕೇಳಿ. ಮಕ್ಕಳ ಫೋಟೋ ಹಾಕಬೇಡಿ. ಫಾರ್ವರ್ಡ್ ಬೇಡವೇ ಬೇಡ.

ತಾಯಿ, ತಿಪಟೂರು: ಮೇಡಂ, ಮಗನಿಗೆ 3 ವರ್ಷ. ಯಾವಾಗ ನಡೀತಾನೆ?

ಮೇಡಂ: ಆಸರೆ ಇಲ್ಲದೆ ನೆಲದ ಮೇಲೆ ಕೂರ್ತಾನಾ? ಯಾವ ವಯಸ್ಸಿಗೆ ಕೂತ? ಎರಡು ವರ್ಷದೊಳಗೆ ತಾನೇ ಕೂತ ಮಕ್ಕಳಲ್ಲಿ ಬಹಳಷ್ಟು ಜನ ನಡೀತಾರೆ, ಕೆಲವರು ವಾಕರ್ ಹಿಡಿದು. ಅದನ್ನ ಬರೆಯಿರಿ, ಆಮೇಲೆ ಮಾತಾಡೋಣ.

ತಂದೆ, ಗಂಗಾವತಿ: ಮಗಳಿಗೆ 6 ವರ್ಷರಿ. ತುದಿಗಾಲ ಮ್ಯಾಲೆ ನಡೀತಾಳ. ಎಎಫ್‌ಓ (ಪಾದ, ಕಣಕಾಲಿಗೆ ಹಾಕೂ ಪ್ಲಾಸ್ಟಿಕ್ ಆಸರೆ) ಕೊಟ್ಟಾರ, ಹಾಕಿದ್ರ ಹಿಂಬಡ ಕೆಂಪಾಗತೈತಿ, ಅಳತಾಳ. ಬಿಟ್ಟುಬಿಡೂನೇನ್ರಿ?

ಮೇಡಂ: ಬಿಡಬೇಡಿ, ಮೊದಲು ಹಾಕೋ ರೀತಿ ನೋಡೋಣ. ಮೊಣಕಾಲು ಮಡಚಿಸಿ, ಪಾದ ಮೇಲೆತ್ತಿ, ಹಿಮ್ಮಡಿಯನ್ನ ಹಿಂದಕ್ಕೆ, ಕೆಳಕ್ಕೆ ಒತ್ತಿ ಕೂರಿಸಿ. ಮೊದಲು ಕಣಕಾಲಿನ ಪಟ್ಟಿ ಬಿಗಿ ಮಾಡಿ, ಆಮೇಲೆ ಮೀನಖಂಡದ್ದು. ಬಹಳ ಜನ ಮೇಲಿನ ಪಟ್ಟಿ ಮೊದಲು ಹಾಕ್ತಾರೆ, ಆಗ ಹಿಮ್ಮಡಿ ಮೇಲೆದ್ದು ಪ್ಲಾಸ್ಟಿಕ್ಕಿಗೆ ಉಜ್ಜುತ್ತೆ. ಪರೀಕ್ಷೆ ಸುಲಭ: ಎಎಫ್‌ಓ ಒಳಗೆ ಹಿಮ್ಮಡಿ ಕೂರೋ ಜಾಗಕ್ಕೆ ಚೂರು ಕುಂಕುಮ ಹಚ್ಚಿ, ಬಿಳಿ ಹತ್ತಿ ಕಾಲುಚೀಲದ ಮೇಲೆ ಹಾಕಿ, ಹತ್ತು ನಿಮಿಷ ನಡೆಸಿ ತೆಗೆಯಿರಿ. ಕಾಲುಚೀಲಕ್ಕೆ ಕುಂಕುಮ ಅಂಟಿಲ್ಲ ಅಂದ್ರೆ ಹಿಮ್ಮಡಿ ಕೂತೇ ಇಲ್ಲ. ಕಾಲುಚೀಲದಲ್ಲಿ ಸುಕ್ಕು ಇರಬಾರದು. ಮೊದಲ ದಿನ ಒಂದು ಗಂಟೆ, ದಿನಕ್ಕೆ ಎರಡು ಸಲ; ವಾರದಲ್ಲಿ ಏರಿಸುತ್ತಾ ಹೋಗಿ. ತೆಗೆದ ಅರ್ಧ ಗಂಟೆಯೊಳಗೆ ಕೆಂಪು ಹೋದರೆ ಚಿಂತೆ ಇಲ್ಲ. ಹೋಗದಿದ್ದರೆ, ಗುಳ್ಳೆ ಎದ್ದರೆ, ಮಾಡಿದವರ ಹತ್ರ ವಾಪಸ್ ಒಯ್ದು ಆ ಜಾಗ ಬಿಸಿ ಮಾಡಿ ಹಿಗ್ಗಿಸೋಕೆ ಹೇಳಿ. ಒಂದು ವಿಷಯ: ಮೊಣಕಾಲು ನೇರ ಇಟ್ಟಾಗ ಪಾದ ನೆಟ್ಟಗೆ 90 ಡಿಗ್ರಿಗೆ ಬರದಷ್ಟು ಬಿಗಿ ಇದ್ದರೆ, ಎಎಫ್‌ಓ ಎಷ್ಟು ಚೆನ್ನಾಗಿದ್ದರೂ ಹಿಮ್ಮಡಿ ನಿಲ್ಲಲ್ಲ, ಪಾದದ ನಡು ಮುರಿದ ಹಾಗೆ ಬಾಗುತ್ತೆ. ಅಂಥವರಿಗೆ ವಾರಕ್ಕೊಮ್ಮೆ ಬದಲಿಸೋ ಪ್ಲಾಸ್ಟರ್ ಕೆಲವು ವಾರ ಹಾಕಿ, ಆಮೇಲೆ ಎಎಫ್‌ಓ ಅಳತೆ.

ತಾಯಿ, ಹಾಸನ: ನಮ್ಮ ಮಗೂಗೂ ಎಎಫ್‌ಓ ಹಾಕಿದ್ರೆ ಕೆಂಪಾಗುತ್ತೆ ಮೇಡಂ, ಏನು ಮಾಡ್ಲಿ?

ಮೇಡಂ: ಮೇಲೆ ನೋಡಿ.

ತಾಯಿ, ಚಳ್ಳಕೆರೆ: ಮಗನಿಗೆ 5 ವರ್ಷ. ಕತ್ತು ಇನ್ನೂ ನಿಂತಿಲ್ಲ. ಕಾಲು ಕತ್ತರಿ ಹಾಕ್ಕೊಳ್ತಾನೆ. ಫಿಟ್ಸ್ ಇದೆ, ಅದಕ್ಕೆ ವಾಲ್‌ಪ್ರೊಯೇಟ್, ಬಿಗಿತಕ್ಕೆ ಬ್ಯಾಕ್ಲೋಫೆನ್ ಕೊಡ್ತೀವಿ. ಎರಡು ತಿಂಗಳಿಂದ ಡೈಪರ್ ಬದಲಿಸುವಾಗ ಬಲಗಾಲು ಅಗಲಿಸಿದರೆ ಚೀರ್ತಾನೆ, ರಾತ್ರಿನೂ ಎದ್ದು ಅಳ್ತಾನೆ. ಮಾಲೀಶ್ ಮಾಡೋರು ದಿನಾ ಎಳೆದು ಅಗಲಿಸಬೇಕು ಅಂತಾರೆ. ಯಾವ ಎಣ್ಣೆ ಒಳ್ಳೇದು ಮೇಡಂ?

ಮೇಡಂ: ಎಣ್ಣೆ ವಿಷಯ ಆಮೇಲೆ. ಎಳೆದು ಅಗಲಿಸೋದನ್ನ ಇವತ್ತೇ, ಈಗಲೇ ನಿಲ್ಲಿಸಿ. ತೊಡೆ ಕೀಲಿನ ಎಕ್ಸ್‌ರೇ ಯಾವತ್ತಾದ್ರೂ ಆಗಿದೆಯಾ?

ತಾಯಿ, ಚಳ್ಳಕೆರೆ: ಇಲ್ಲ ಮೇಡಂ. ಯಾರೂ ಹೇಳಿಲ್ಲ.

ಮೇಡಂ: ಸರಿ, ಇದನ್ನ ಎಲ್ಲರೂ ಓದಿ. ಸಿ.ಪಿ. ಮಕ್ಕಳು ಹುಟ್ಟುವಾಗ ತೊಡೆ ಕೀಲು ಸಾಮಾನ್ಯವಾಗಿ ಸರಿಯಾಗೇ ಇರುತ್ತೆ. ಒಳತೊಡೆ ಸ್ನಾಯು ಸದಾ ಒಳಕ್ಕೆ ಎಳೀತಾ ಇರೋದ್ರಿಂದ, ಮಗು ನಿಂತು ಭಾರ ಹಾಕದೇ ಇರೋದ್ರಿಂದ, ತೊಡೆಮೂಳೆಯ ಗುಂಡು ನಿಧಾನಕ್ಕೆ ಗುಂಡಿಯಿಂದ ಹೊರಗೆ ಜಾರುತ್ತೆ. ಶುರುವಲ್ಲಿ ನೋವೇ ಇರಲ್ಲ, ಅದಕ್ಕೇ ಗೊತ್ತಾಗಲ್ಲ. ಮಗು ಎಷ್ಟು ಓಡಾಡುತ್ತೆ ಅಂತ 1ರಿಂದ 5ರವರೆಗೆ ಹಂತ ಹೇಳೋ ಜಿ.ಎಂ.ಎಫ್.ಸಿ.ಎಸ್. ಅಳತೆಯಲ್ಲಿ 1ನೇ ಹಂತದವರಿಗೆ, ಅಂದ್ರೆ ತಾವೇ ಓಡಾಡೋ ಮಕ್ಕಳಿಗೆ, ಇದು ಇಲ್ಲವೇ ಇಲ್ಲ ಅನ್ನಬಹುದು. ಕತ್ತೇ ನಿಲ್ಲದ 5ನೇ ಹಂತದಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಜಾರುತ್ತೆ. ಆದ್ದರಿಂದ 3, 4, 5ನೇ ಹಂತದ ಮಕ್ಕಳಿಗೆ ನೋವು ಇರಲಿ ಬಿಡಲಿ, ಎರಡು ವರ್ಷದಿಂದ 6 ಇಲ್ಲವೇ 12 ತಿಂಗಳಿಗೊಮ್ಮೆ ಎಕ್ಸ್‌ರೇ ಆಗಲೇಬೇಕು.

ಮನೆಯಲ್ಲೇ ಒಂದು ಸಲ ನೋಡಿ: ಅಂಗಾತ ಮಲಗಿಸಿ, ಎರಡೂ ಮಂಡಿ ಮಡಚಿ, ಹಿಮ್ಮಡಿ ಜೋಡಿಸಿ ಇಡಿ. ಒಂದು ಮಂಡಿ ತಗ್ಗಾಗಿ ಕಂಡರೆ ಆ ಕಡೆಯ ಕೀಲು ಜಾರಿರಬಹುದು. ಎರಡೂ ಸಮ ಇವೆ ಅಂತ ನಿರಾಳ ಆಗಬೇಡಿ, ಎರಡೂ ಜಾರಿದ್ದರೆ ಸಮವೇ ಕಾಣುತ್ತೆ.

ಎಕ್ಸ್‌ರೇ ಚೀಟಿಯಲ್ಲಿ 'ಪೆಲ್ವಿಸ್ ಎ.ಪಿ., ಎರಡೂ ಹಿಪ್' ಅಂತ ಬರೆಸಿ, ಅಂದ್ರೆ ಎರಡೂ ತೊಡೆ ಕೀಲು ಕಾಣೋ ಹಾಗೆ ಸೊಂಟದ ಚಿತ್ರ ಮುಂದಿನಿಂದ. ಜಿಲ್ಲಾಸ್ಪತ್ರೆಯ ಡಿ.ಇ.ಐ.ಸಿ. ಕೇಂದ್ರಕ್ಕೆ (ಮಕ್ಕಳ ಬೆಳವಣಿಗೆ ತೊಂದರೆ ಬೇಗ ಗುರುತಿಸಿ ನೋಡೋ ಕೇಂದ್ರ) ಹೋಗಿ, 18 ವರ್ಷದವರೆಗಿನ ಮಕ್ಕಳನ್ನ ಅಲ್ಲಿ ನೋಡ್ತಾರೆ. ತೆಗೆಯುವಾಗ ಮಂಡಿಚಿಪ್ಪು ಎರಡೂ ಮೇಲೆ ಸೂರು ನೋಡ್ತಿರಬೇಕು, ಕಾಲು ಒಂದಕ್ಕೊಂದು ಸಮಾನಾಂತರ ಇರಬೇಕು. ಕಪ್ಪೆ ಹಾಗೆ ಅಗಲಿಸಿ ತೆಗೆದರೆ ಜಾರಿದ ಗುಂಡು ವಾಪಸ್ ಒಳಗೆ ಕೂತ ಹಾಗೆ ಕಾಣುತ್ತೆ, 'ನಾರ್ಮಲ್' ಅಂತ ಬರೆದು ಕಳಿಸ್ತಾರೆ. ತೊಡೆ ನೆಟ್ಟಗಾಗದಿದ್ದರೆ ಮಂಡಿ ಕೆಳಗೆ ದಿಂಬು ಇಡಿಸಿ. ನೀವೇ ಕಾಲು ಹಿಡಿಯೋದಾದ್ರೆ ಸೀಸದ ಏಪ್ರನ್ ಕೇಳಿ ಹಾಕ್ಕೊಳ್ಳಿ. ಗರ್ಭಿಣಿಯಾಗಿದ್ದರೆ ಬೇರೆಯವರು ಹಿಡೀಲಿ. ರಿಪೋರ್ಟ್ ಮಾತ್ರ ಸಾಲದು, ಫಿಲ್ಮ್ ಬೇಕು. ಗುಂಡಿನ ಎಷ್ಟು ಪಾಲು ಗುಂಡಿಯ ಹೊರಗಿದೆ ಅಂತ ಶೇಕಡಾದಲ್ಲಿ ಅಳೀತಾರೆ, ಮೈಗ್ರೇಷನ್ ಪರ್ಸೆಂಟೇಜ್ ಅಂತ. 30 ದಾಟಿದರೆ ಮಕ್ಕಳ ಮೂಳೆ ಡಾಕ್ಟರನ್ನ ನೋಡಲೇಬೇಕು. ಬೇಗ ಸಿಕ್ಕರೆ ಒಳತೊಡೆ ಸ್ನಾಯು ಸಡಿಲಿಸೋ ಸಣ್ಣ ಆಪರೇಷನ್ನಲ್ಲಿ ಮುಗೀಬಹುದು, ತಡವಾದರೆ ಮೂಳೆ ಕತ್ತರಿಸಿ ತಿರುಗಿಸಿ ಪ್ಲೇಟ್ ಹಾಕಬೇಕು. ಬೋಟಾಕ್ಸ್ (ಸ್ನಾಯು ಸಡಿಲಿಸೋ ಇಂಜೆಕ್ಷನ್), ಬ್ರೇಸ್ ಇಷ್ಟರಿಂದಲೇ ಜಾರೋದು ನಿಲ್ಲಲ್ಲ.

ಇನ್ನೊಂದು ಭಯ. ನಿಲ್ಲದ ಮಗು, ಮೇಲೆ ಫಿಟ್ಸ್ ಮಾತ್ರೆ: ಮೂಳೆ ಸಣಕಲಾಗಿರುತ್ತೆ. ಎಳೆದು ಅಗಲಿಸಿದರೆ ತೊಡೆಮೂಳೆ ಮುರಿಯಬಹುದು. ತೊಡೆ ಊದಿದ್ದರೆ, ಬಿಸಿ ಇದ್ದರೆ ನಾಳೆವರೆಗೆ ಕಾಯಬೇಡಿ, ಈಗಲೇ ಹೊರಡಿ. ವಿಟಮಿನ್ ಡಿ ಪರೀಕ್ಷೆ ಕೇಳಿ. ಡೈಪರ್‌ಗೆ ಮೊದಲು ಎರಡೂ ಮಂಡಿ ಮಡಚಿ, ಒಂದು ಪಕ್ಕಕ್ಕೆ ಹೊರಳಿಸಿ ಬದಲಿಸಿ. ಕಣಕಾಲು ಹಿಡಿದು ಎತ್ತಬೇಡಿ. ಮಲಗುವಾಗ ತೊಡೆ ನಡುವೆ ಮೆತ್ತನೆ ದಿಂಬು. ಬ್ಯಾಕ್ಲೋಫೆನ್ ಒಂದು ಹೊತ್ತೂ ತಪ್ಪಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಬಿಗಿತ ಹೆಚ್ಚಾಗಿ, ಜ್ವರ ಏರಿ, ಫಿಟ್ಸ್ ಬರಬಹುದು.

ಸದಸ್ಯ, ದಾವಣಗೆರೆ: ಫಾರ್ವರ್ಡ್ ಆಗಿ ಬಂದದ್ದು: "ಬೆಳಗ್ಗೆ ಬರಿಹೊಟ್ಟೆಗೆ ದೇಸಿ ಹಸುವಿನ ತುಪ್ಪ ಮೂಗಿಗೆ 3 ಹನಿ, 48 ದಿನ. ಸತ್ತ ನರ ಚಿಗುರುತ್ತದೆ. 10 ಜನರಿಗೆ ಕಳಿಸಿ."

ಮೇಡಂ: ಫಾರ್ವರ್ಡ್ ಬೇಡ ಅಂತ ಮೊದಲ ಸಾಲಲ್ಲೇ ಬರೆದಿದೆ. ನುಂಗೋದಕ್ಕೆ ಕಷ್ಟ ಇರೋ ಮಗುವಿಗೆ ಮೂಗಿಗೆ ತುಪ್ಪ, ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ಎಣ್ಣೆ ಗಂಟಲಲ್ಲಿ ಜಾರುವಾಗ ಕೆಮ್ಮು ಕೂಡ ಬರಲ್ಲ. ಅಲ್ಲೇ ಕೂತು ನ್ಯುಮೋನಿಯಾ ಮಾಡುತ್ತೆ, ಅದಕ್ಕೆ ಆ್ಯಂಟಿಬಯೋಟಿಕ್ ತಟ್ಟಲ್ಲ. ಹಾಕಬೇಡಿ.

ಸದಸ್ಯ, ದಾವಣಗೆರೆ: ನಮ್ಮಜ್ಜಿ ಕಾಲದಿಂದ ಹಾಕ್ತಿದ್ದಾರೆ. ಇಂಗ್ಲಿಷ್ ಡಾಕ್ಟರಿಗೆ ದುಡ್ಡು ಬರಲ್ಲ ಅಂತ ಬೇಡ ಅಂತೀರಿ.

ತಾಯಿ, ಪುತ್ತೂರು: ಮಾರಾಯ್ರೆ, ಅಜ್ಜಿ ಹಾಕಿದ್ದು ನುಂಗಲಿಕ್ಕೆ ಬರುವ ಮಕ್ಕಳಿಗೆ. ಮೇಡಂ, ನಮ್ಮ ಅತ್ತೆ ಮಡಿಲಲ್ಲಿ ಮಲಗಿಸಿ ಗಂಜಿ ತಿಳಿ ಹೊಯ್ತಾರೆ, ಮಗು ಕೆಮ್ಮುತ್ತದೆ. ಸರಿಯಾ?

ಮೇಡಂ: ಸರಿಯಲ್ಲ. ಕೂರಿಸಿ, ಸೊಂಟ 90 ಡಿಗ್ರಿ, ಗಲ್ಲ ಸ್ವಲ್ಪ ಕೆಳಗೆ. ತಲೆ ಹಿಂದಕ್ಕೆ ವಾಲಿದರೆ ಶ್ವಾಸನಾಳ ತೆರೆದೇ ಇರುತ್ತೆ. ತಿಳಿಗಿಂತ ಮಂದವಾದ ರಾಗಿ ಅಂಬಲಿ ನಿಧಾನಕ್ಕೆ ಇಳಿಯುತ್ತೆ. ಚಪ್ಪಟೆ ಚಮಚ, ಅರ್ಧ ತುಂಬಿ, ನಾಲಿಗೆ ನಡುವೆ ಇಟ್ಟು ತುಟಿ ಮುಚ್ಚೋವರೆಗೆ ಕಾಯಿರಿ. ಊಟವಾದ ಮೇಲೆ ಅರ್ಧ ಗಂಟೆ ಕೂರಿಸಿ. ಉಂಡಾದ ಮೇಲೆ ಸ್ವರ ಗುರುಗುರು ಅಂದ್ರೆ, ಪದೇಪದೇ ಕಫ-ಜ್ವರ ಬಂದ್ರೆ, ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿದ್ರೆ ನುಂಗೋ ಪರೀಕ್ಷೆ ಮಾಡಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಬಹುದು.

ತಾಯಿ, ಬಾಗಲಕೋಟೆ: ಜೊಲ್ಲು ಬಾಳ ಸುರಸ್ತಾನ್ರಿ, ದಿನಕ್ಕ ಆರು ಅಂಗಿ ಬದಲಸ್ತೀವಿ. ಏನರ ಉಪಾಯ ಐತ್ರಿ?

ತಂದೆ, ಬೆಂಗಳೂರು: ಒಂದು ಕ್ಲಿನಿಕ್‌ನಲ್ಲಿ ಸ್ಟೆಮ್ ಸೆಲ್ ಪ್ಯಾಕೇಜ್ 4 ಲಕ್ಷ ಹೇಳಿದ್ದಾರೆ. ಸೈಟ್ ಮಾರೋಣ ಅಂತಿದ್ದೀವಿ. ಯಾರಾದ್ರೂ ಮಾಡಿಸಿದ್ದೀರಾ?

ಮೇಡಂ: ಸೈಟ್ ಮಾರಬೇಡಿ.

ತಂದೆ, ಶಿವಮೊಗ್ಗ: ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಓದಿ ಅಣ್ಣ. ಸಿ.ಪಿ.ಗೆ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆ ಅಲ್ಲ, ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಪ್ರಯೋಗ ಅಂದ್ಮೇಲೆ ರೋಗಿ ಹತ್ರ ದುಡ್ಡು ತಗೊಳ್ಳೋ ಹಾಗಿಲ್ಲ. 4 ಲಕ್ಷ ಕೇಳಿದ್ದಾರೆ ಅನ್ನೋದೇ ಉತ್ತರ.

ತಂದೆ, ಬೆಂಗಳೂರು: ಮಾಡಿಸಿದವರ ಮಕ್ಕಳು ಕೂತಿದ್ದಾರೆ, ವಿಡಿಯೋ ನೋಡಿದೀನಿ. ಹೈಪರ್‌ಬೇರಿಕ್ ಆಕ್ಸಿಜನ್, ಒತ್ತಡದ ಕೋಣೆಯಲ್ಲಿ ಕೊಡೋ ಆಕ್ಸಿಜನ್, ಅದನ್ನಾದ್ರೂ ಕೊಡಿಸ್ಬಹುದಲ್ಲ?

ತಂದೆ, ಶಿವಮೊಗ್ಗ: ಕೆನಡಾದಲ್ಲಿ 111 ಮಕ್ಕಳ ಮೇಲೆ ನೋಡಿದ್ದಾರೆ, 2001ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಕ್ಸಿಜನ್ ಕೊಟ್ಟವರೂ, ಸ್ವಲ್ಪ ಒತ್ತಡದ ಬರೀ ಗಾಳಿ ಕೊಟ್ಟವರೂ ಒಂದೇ ಸಮ ಸುಧಾರಿಸಿದರು.

ತಂದೆ, ಬೆಂಗಳೂರು: ಸುಧಾರಿಸಿದರು ಅಂತ ನೀವೇ ಹೇಳಿದ್ರಿ!

ತಂದೆ, ಶಿವಮೊಗ್ಗ: ಪೂರ್ತಿ ಓದ್ರೀ. ಗಾಳಿ ಕೊಟ್ಟವರೂ ಅಷ್ಟೇ ಅಂದೆ. ಅಂದ್ರೆ ಆಕ್ಸಿಜನ್‌ನದ್ದೇನೂ ಇಲ್ಲ.

ತಂದೆ, ಬೆಂಗಳೂರು: ನಿಮ್ಮ ದುಡ್ಡಲ್ವಲ್ಲ, ನಿಮಗ್ಯಾಕೆ ಉರಿ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ತಾಯಿ, ಶಿರಸಿ: ಮಗಳು ವಾಕರ್‌ನಲ್ಲಿ ನಡೀತಾಳೆ, ಬುದ್ಧಿ ಚುರುಕು. ಹೆಡ್‌ಮಾಸ್ಟರ್ ಒಂದನೇ ಕ್ಲಾಸಿಗೆ ಸೇರಿಸಲ್ಲ ಅಂತಾರೆ.

ತಂದೆ, ಶಿವಮೊಗ್ಗ: ಅಕ್ಕ, ಬಾಯಿಮಾತು ಬೇಡ. ಅರ್ಜಿ ಎರಡು ಪ್ರತಿ ಕೊಟ್ಟು ಒಂದಕ್ಕೆ ಸೀಲ್ ಹಾಕಿಸಿ. ಇಲ್ಲ ಅನ್ನೋದನ್ನ ಲಿಖಿತವಾಗಿ ಕೇಳಿ. ಅಲ್ಲಿಗೇ ಅರ್ಧ ಜನ ದಾರಿಗೆ ಬರ್ತಾರೆ. ಬರದಿದ್ದರೆ ಅದೇ ಪ್ರತಿ ಬಿಇಓಗೆ (ಕ್ಷೇತ್ರ ಶಿಕ್ಷಣಾಧಿಕಾರಿ). 2016ರ ಅಂಗವಿಕಲರ ಹಕ್ಕು ಕಾಯ್ದೆ ಸೆಕ್ಷನ್ 16 ಅಂತ ಬರೆಯಿರಿ: ಭೇದ ಇಲ್ಲದೆ ಸೇರಿಸಿಕೊಳ್ಳಬೇಕು. ಅಂಗವೈಕಲ್ಯ ಶೇ. 40 ಮತ್ತು ಮೇಲಿದ್ದರೆ ಸೆಕ್ಷನ್ 31 ಕೂಡ ಸೇರಿಸಿ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಅಲ್ಲೂ ಆಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರು. ತಾಲ್ಲೂಕಿನಲ್ಲಿ ಅಂಗವಿಕಲ ಮಕ್ಕಳ ಕಲಿಕೆ ನೋಡ್ಕೊಳ್ಳೋ ಬಿಐಇಆರ್‌ಟಿ ಶಿಕ್ಷಕರನ್ನ ಜೊತೆಗೆ ಕರ್ಕೊಂಡು ಹೋಗಿ.

ಸದಸ್ಯ, ದಾವಣಗೆರೆ: ಸ್ಪೆಷಲ್ ಸ್ಕೂಲೇ ವಾಸಿ. ಬೇರೆ ಮಕ್ಕಳು ಗೇಲಿ ಮಾಡ್ತಾರೆ.

ತಾಯಿ, ಶಿರಸಿ: ಗೇಲಿ ಮಾಡೋರನ್ನ ತಿದ್ದೋದು ಬಿಟ್ಟು ನನ್ನ ಮಗಳನ್ನ ಯಾಕೆ ಬೇರೆ ಕಡೆ ಕಳಿಸ್ಬೇಕು?

ಸದಸ್ಯ, ದಾವಣಗೆರೆ: ಒಳ್ಳೇದಕ್ಕೆ ಹೇಳಿದ್ರೆ ಹೀಗೆ.

ತಾಯಿ, ಪುತ್ತೂರು: ನಿಮ್ಮ ಒಳ್ಳೇದು ತುಪ್ಪದಲ್ಲೇ ಗೊತ್ತಾಯ್ತು.

ತಂದೆ, ಮಂಡ್ಯ: ಮಗನಿಗೆ 18 ತುಂಬ್ತು. ಖಾತೆ ತೆರೆಯೋಕೆ ಬ್ಯಾಂಕಿನವರು ಗಾರ್ಡಿಯನ್‌ಶಿಪ್ ಪತ್ರ ಕೇಳ್ತಾವ್ರೆ. ಎರಡನೇ ಸಲ ಕೇಳ್ತಾ ಇದೀನಿ, ಯಾರೂ ನೋಡ್ತಿಲ್ಲ.

ತಾಯಿ, ಕೋಲಾರ: ಮೇಡಂ, ಯಾವ ಎಣ್ಣೆ ಮಾಲೀಶ್‌ಗೆ ಒಳ್ಳೇದು?

ಮೇಡಂ: ಯಾವುದಾದ್ರೂ ಆಗುತ್ತೆ. ಎಣ್ಣೆ ಸ್ನಾಯು ಉದ್ದ ಮಾಡಲ್ಲ. ಎಳೆಯಬೇಡಿ ಅಂತ ಚಳ್ಳಕೆರೆಯವರಿಗೆ ಬರೆದದ್ದು ಓದಿ.

ತಂದೆ, ಹಾಸನ: ಎಎಫ್‌ಓ ಹಾಕಿದ್ರೆ ಕೆಂಪಾಗುತ್ತೆ, ಏನು ಮಾಡೋದು ಮೇಡಂ?

ಮೇಡಂ: ಮೇಲೆ. ಇದು ಮೂರನೇ ಸಲ.

ತಾಯಿ, ಚಳ್ಳಕೆರೆ: ಮೇಡಂ, ಬಲ ಮಂಡಿ ತಗ್ಗಾಗಿದೆ. ಊತ ಇಲ್ಲ. ನಾಳೆ ಚಿತ್ರದುರ್ಗಕ್ಕೆ ಹೋಗ್ತೀವಿ.

ಮೇಡಂ: ಹೋಗಿ. ಫಿಲ್ಮ್ ಗುಂಪಿಗೆ ಹಾಕಬೇಡಿ, ನನಗೆ ಮಾತ್ರ ಕಳಿಸಿ. ಕಾಲು ಹೇಗಿಟ್ಟು ತೆಗೆದರು ಅಂತಲೂ ಬರೆಯಿರಿ. ನಾನು ಹೊರಡ್ತೀನಿ.

ತಾಯಿ, ಕೋಲಾರ: ಆರೈಕೆ ಮಾಡೋರಿಗೆ ತಿಂಗಳಿಗೆ 1,000 ರೂಪಾಯಿ ಅಂತಿದೆಯಲ್ಲ, ಯಾರಿಗಾದ್ರೂ ಬಂದಿದೆಯಾ?

ತಂದೆ, ಶಿವಮೊಗ್ಗ: ಮಂಡ್ಯದ ಅಣ್ಣ, ಮಗ ಏನು ಓದಿದಾನೆ? ದುಡ್ಡಿನ ಲೆಕ್ಕ ಗೊತ್ತಾಗುತ್ತಾ?

ತಂದೆ, ಮಂಡ್ಯ: ಪಿಯುಸಿ ಮಾಡವ್ನೆ. ಲೆಕ್ಕ ನನಗಿಂತ ಚೆನ್ನಾಗಿ ಬತ್ತದೆ. ಮಾತು ಸ್ಪಷ್ಟ ಇಲ್ಲ, ಕೈ ನಡುಗ್ತದೆ, ಅಷ್ಟೇಯ.

ತಂದೆ, ಶಿವಮೊಗ್ಗ: ಹಾಗಾದ್ರೆ ಪತ್ರ ಯಾಕೆ ಬೇಕು? 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಇರೋ ಸ್ಥಳೀಯ ಸಮಿತಿ ಗಾರ್ಡಿಯನ್ ನೇಮಿಸುತ್ತೆ, ಆದ್ರೆ ಅದು ಬೇಕಾದವರಿಗೆ. ಸಿ.ಪಿ. ಅಂದ ಮಾತ್ರಕ್ಕೆ ಬುದ್ಧಿ ಇಲ್ಲ ಅಂತ ಮ್ಯಾನೇಜರ್ ತೀರ್ಮಾನ ಮಾಡೋ ಹಾಗಿಲ್ಲ. 2016ರ ಕಾಯ್ದೆ ಸೆಕ್ಷನ್ 13: ತನ್ನ ಹಣದ ವ್ಯವಹಾರ ತಾನೇ ನಡೆಸೋ ಹಕ್ಕು ಎಲ್ಲರ ಹಾಗೆ ಅವನಿಗೂ ಇದೆ. ಅರ್ಜಿ ಮಗನ ಹೆಸರಲ್ಲೇ ಇರಲಿ. ಸಹಿ ಬರದಿದ್ರೆ ಹೆಬ್ಬೆಟ್ಟು ಒತ್ತಲಿ. ಗಾರ್ಡಿಯನ್ ಪತ್ರ ಯಾವ ನಿಯಮದ ಪ್ರಕಾರ ಕೇಳಿದ್ರಿ ಅಂತ ಒಂದು ಸಾಲು ಸೇರಿಸಿ, ಸೀಲ್ ಹಾಕಿಸ್ಕೊಳ್ಳಿ. ಮಾತಾಡೋದು ಮಗನೇ ಮಾತಾಡ್ಲಿ. ಅರ್ಥ ಆಗದಿದ್ರೆ ಫೋನಲ್ಲಿ ಟೈಪ್ ಮಾಡಿ ತೋರಿಸ್ಲಿ. ನೀವು ಮಧ್ಯೆ ಬಾಯಿ ಹಾಕಬೇಡಿ.