ಹದಿನಾಲ್ಕರ ಹುಡುಗಿಯ ಬೊಜ್ಜಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆಯೇ?

ಪ್ರಶ್ನೆ (ಶಿಕ್ಷಕಿ, ಹಾವೇರಿ ಜಿಲ್ಲೆ):
ನಮಸ್ಕಾರ ಡಾಕ್ಟರ್. ನಮ್ಮ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ಪರವಾಗಿ, ಅವಳ ತಾಯಿಯ ಒಪ್ಪಿಗೆ ಪಡೆದು ಕೇಳುತ್ತಿದ್ದೇನೆ. ಹುಡುಗಿಗೆ 14 ವರ್ಷ, ಎತ್ತರ 150 ಸೆಂ.ಮೀ., ತೂಕ 68 ಕೆ.ಜಿ. ಕತ್ತಿನ ಹಿಂಭಾಗ ಕಪ್ಪಾಗಿದೆ. ಅದನ್ನು ಕೊಳೆ ಎಂದು ತಿಳಿದು ತಾಯಿ ಪ್ರತಿ ಭಾನುವಾರ ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಾರೆ. ಚರ್ಮ ಕೆಂಪಾಗುತ್ತದೆಯೇ ಹೊರತು ಕಪ್ಪು ಹೋಗುತ್ತಿಲ್ಲ. ಖಾಸಗಿ ಕ್ಲಿನಿಕ್ ಒಂದರಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಾಗಿದೆ, ಅನ್ನ ಕಡಿಮೆ ಮಾಡಿ ಎಂದು ಕಳುಹಿಸಿದ್ದಾರೆ. ತಾಯಿ ಕೂಲಿ ಮಾಡುವವರು. ಸರ್ಕಾರಿ ವ್ಯವಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆಯೇ? ಇದ್ದರೆ ಮೊದಲು ಎಲ್ಲಿಗೆ ಹೋಗಬೇಕು?

ಉತ್ತರ (ಮಕ್ಕಳ ತಜ್ಞೆ, ಸರ್ಕಾರಿ ಆಸ್ಪತ್ರೆ):
ಮೇಡಂ, ತಿಕ್ಕುವುದನ್ನು ನಿಲ್ಲಿಸುವಂತೆ ಆ ತಾಯಿಗೆ ಇವತ್ತೇ ಹೇಳಿ. ಅದು ಕೊಳೆಯಲ್ಲ. ದೇಹವು ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿನ ಮಾತು ಕೇಳದೆ, ರಕ್ತದಲ್ಲಿ ಅದರ ಪ್ರಮಾಣ ಏರಿದಾಗ ಕತ್ತು ಮತ್ತು ಕಂಕುಳಿನ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತದೆ. ಯಾವ ಯಂತ್ರವೂ ಇಲ್ಲದೆ ಶಿಕ್ಷಕರ ಕಣ್ಣಿಗೂ ಬೀಳುವ ಸುಳಿವು ಇದು. ನೀವು ಕೊಟ್ಟ ಅಳತೆಯಂತೆ ಹುಡುಗಿಯ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಸುಮಾರು 30. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ನಕ್ಷೆಯ ಪ್ರಕಾರ ಈ ವಯಸ್ಸಿನ ಹುಡುಗಿಗೆ 27ರ ಆಸುಪಾಸು ದಾಟಿದರೆ ಅದು ಬೊಜ್ಜು.

ಥೈರಾಯ್ಡ್ ಪರೀಕ್ಷೆಗೆ ಹೀಗೆ ಹಣ ಹೋಗುವುದು ಸಾಮಾನ್ಯ. ಥೈರಾಯ್ಡ್‌ನಂತಹ ಹಾರ್ಮೋನಿನ ಕಾಯಿಲೆಯಿಂದ ದಪ್ಪಗಾಗುವ ಮಕ್ಕಳ ಎತ್ತರ ಸಾಧಾರಣವಾಗಿ ಕುಂಠಿತವಾಗುತ್ತದೆ. ಎತ್ತರ ವರ್ಷದಿಂದ ವರ್ಷಕ್ಕೆ ಸರಿಯಾಗಿ ಏರಿದ್ದರೆ ಅಂತಹ ಕಾಯಿಲೆಯ ಸಾಧ್ಯತೆ ಕಡಿಮೆ. ಹಿಂದಿನ ವರ್ಷಗಳ ಅಳತೆ ಶಾಲೆಯ ಆರೋಗ್ಯ ಕಾರ್ಡಿನಲ್ಲಿ ಇದ್ದರೆ ಆ ಕಾರ್ಡನ್ನು ತಪ್ಪದೆ ಕಳುಹಿಸಿ, ಅದು ನಮಗೆ ಲ್ಯಾಬ್ ವರದಿಯಷ್ಟೇ ಉಪಯುಕ್ತ. ನಿಜವಾಗಿ ಆಗಬೇಕಾದದ್ದು ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್, ಯಕೃತ್ತಿನ ಪರೀಕ್ಷೆ ಮತ್ತು ಹಿಮೋಗ್ಲೋಬಿನ್. ದಪ್ಪ ಮಗುವಿಗೆ ರಕ್ತಹೀನತೆ ಇರಲಾರದು ಎಂದುಕೊಳ್ಳಬೇಡಿ, ಎರಡೂ ಒಟ್ಟಿಗೆ ಇರುವುದನ್ನು ನಾವು ನೋಡುತ್ತಲೇ ಇದ್ದೇವೆ. ಮುಟ್ಟು ಕ್ರಮವಾಗಿ ಆಗುತ್ತಿದೆಯೇ, ರಾತ್ರಿ ಗೊರಕೆ ಹೊಡೆಯುತ್ತಾಳೆಯೇ ಎಂಬುದನ್ನೂ ತಾಯಿಯಿಂದ ಕೇಳಿ ತಿಳಿದುಕೊಳ್ಳಿ.

ಇನ್ನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ, ಅಂದರೆ ನೀವು ಆರ್‌ಬಿಎಸ್‌ಕೆ ಎನ್ನುವವರು, ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರುತ್ತಾರೆ. ಅಲ್ಲಿ ಓದುವ 18 ವರ್ಷದವರೆಗಿನ ಮಕ್ಕಳು ಅವರ ವ್ಯಾಪ್ತಿಗೆ ಸೇರುತ್ತಾರೆ. ಆದರೆ ನಮ್ಮೆಲ್ಲರ ಕಣ್ಣು ಪಳಗಿರುವುದು ಬಡಕಲು ಮಗುವನ್ನು ಗುರುತಿಸಲು. ದುಂಡಗಿರುವ ಮಗು "ಪುಷ್ಟಿಯಾಗಿದೆ" ಎನಿಸಿಕೊಂಡು ಸಾಲಿನಲ್ಲಿ ಮುಂದೆ ಹೋಗಿಬಿಡುತ್ತದೆ. ಆದ್ದರಿಂದ ಹೆಸರು ಹಿಡಿದು ತೋರಿಸಿ, ರೆಫರಲ್ ಚೀಟಿ ಬರೆಸಿಕೊಳ್ಳಿ. ತಂಡ ಈಗಾಗಲೇ ಬಂದುಹೋಗಿದ್ದರೆ ಕಾಯಬೇಕಾಗಿಲ್ಲ. 10ರಿಂದ 19 ವರ್ಷದವರಿಗೆಂದು ಇರುವ ಸ್ನೇಹ ಕ್ಲಿನಿಕ್‌ಗೆ ಅಥವಾ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ನೇರವಾಗಿ ಕಳುಹಿಸಬಹುದು.

ಕಷ್ಟವಿರುವುದು ಎರಡನೆಯ ಭೇಟಿಯಲ್ಲಿ. ಮೊದಲ ಸಲ ಬಂದ ಇಂತಹ ಮಕ್ಕಳು ಮತ್ತೆ ಬರುತ್ತಿರಲಿಲ್ಲ, ನಾವು ಮನೆಯವರ ಅಲಕ್ಷ್ಯವೆಂದು ದೂರುತ್ತಿದ್ದೆವು. ಒಮ್ಮೆ ಒಬ್ಬ ತಾಯಿ, "ಬಸ್ಸಿಗೆ ಈಗ ದುಡ್ಡು ಕೊಡೂದಿಲ್ಲರೀ ಮೇಡಂ, ಖರೆ, ಆದರ ಕೂಲಿ ಹೋಗತೈತಲ್ರಿ" ಎಂದರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿ ಮಗಳಿಬ್ಬರ ಟಿಕೆಟ್ ಖರ್ಚು ತಪ್ಪಿತು, ದಿನದ ಕೂಲಿ ಹೋಗುವುದು ತಪ್ಪಲಿಲ್ಲ. ಈಗ ನಾವು ರಕ್ತಪರೀಕ್ಷೆಗಳನ್ನೆಲ್ಲ ಒಂದೇ ದಿನ ಮುಗಿಸಿ, ತಿಂಗಳ ತೂಕವನ್ನು ಊರಿನ ಆರೋಗ್ಯ ಕೇಂದ್ರದಲ್ಲಿಯೇ ನೋಡಿಸುತ್ತೇವೆ. ಅಲ್ಲಿನ ಸಿಬ್ಬಂದಿ ಸರ್ಕಾರದ ಆನ್‌ಲೈನ್ ವೈದ್ಯಕೀಯ ಸೇವೆಯಾದ ಇ-ಸಂಜೀವನಿಯ ಮೂಲಕ ವೈದ್ಯರೊಂದಿಗೆ ಮಾತನಾಡಿಸಬಹುದು. ನೀವೂ ಹೀಗೆಯೇ ಕೇಳಿಕೊಳ್ಳಿ.

ರೇಷನ್ ಅಕ್ಕಿಯ ಮೇಲೆ ನಡೆಯುವ ಮನೆಗೆ "ಅನ್ನ ಕಡಿಮೆ ಮಾಡಿ" ಎಂದಷ್ಟೇ ಹೇಳುವುದು ಸಲಹೆಯಲ್ಲ, ಅದರ ಬದಲು ಏನನ್ನು ತಿನ್ನಬೇಕೆಂದೂ ಹೇಳಬೇಕು. ನಿಮ್ಮ ಕಡೆ ಜೋಳದ ರೊಟ್ಟಿ, ಕಾಳಿನ ಪಲ್ಲೆ, ಸೊಪ್ಪು ಇದ್ದೇ ಇದೆ. ಮೊದಲು ಚಹಾದ ಸಕ್ಕರೆ ಮತ್ತು ಐದು ರೂಪಾಯಿಯ ಕುರುಕಲು ಪೊಟ್ಟಣಗಳನ್ನು ಬಿಡಿಸಿ. ಮೂರು ತಿಂಗಳು ತೂಕ ಏರದೆ ನಿಂತರೂ ಅದನ್ನು ಫಲವೆಂದೇ ಎಣಿಸುತ್ತೇವೆ.

ಪ್ರಶ್ನೆ (ಸದಸ್ಯರು, ಬೆಂಗಳೂರು):
ಪರಿಚಿತರೊಬ್ಬರ ಮಗನಿಗೆ ತೂಕ ಇಳಿಸಲು ವಾರಕ್ಕೊಮ್ಮೆ ಇಂಜೆಕ್ಷನ್ ಕೊಡುತ್ತಿದ್ದಾರೆ. ಅದು ಬಡ ಮಕ್ಕಳಿಗೂ ಸಿಗುವಂತಾಗಬೇಕಲ್ಲವೇ?

ಉತ್ತರ:
ನೀವು ಹೇಳುತ್ತಿರುವುದು ಸೆಮಾಗ್ಲುಟೈಡ್ ಇರಬಹುದು. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ 12 ವರ್ಷ ಮೇಲ್ಪಟ್ಟ ಬೊಜ್ಜಿನ ಮಕ್ಕಳಿಗೆ ಇದಕ್ಕೆ ಅನುಮತಿ ದೊರೆಯಿತು. 68 ವಾರಗಳ ಅಧ್ಯಯನದಲ್ಲಿ ಬಿಎಂಐ ಸರಾಸರಿ ಶೇ 16ರಷ್ಟು ಇಳಿದಿತ್ತು. ಇದು ಸಣ್ಣ ಫಲವಲ್ಲ. ಆದರೆ ಔಷಧಿ ನಿಲ್ಲಿಸಿದರೆ ತೂಕ ಮರಳುತ್ತದೆ, ಆದ್ದರಿಂದ ಮೂರು ತಿಂಗಳಿಗೆ ಸಾಲ ಮಾಡಿ ಕೊಡಿಸುವುದರಲ್ಲಿ ಅರ್ಥವಿಲ್ಲ. ಬೊಜ್ಜು ತೀವ್ರವಾಗಿರುವ ಮಕ್ಕಳಿಗೆ, ತಜ್ಞರ ನಿಗಾದಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿಯೇ ಇದು ದೊರೆಯಬೇಕೆಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ಆದರೆ ತಿಂಗಳಿಗೊಮ್ಮೆ ಮಗುವನ್ನು ನೋಡುವ ಏರ್ಪಾಡು ಇಲ್ಲದ ಕಡೆ ಇಂಜೆಕ್ಷನ್ ಮಾತ್ರ ತಲುಪಿದರೆ ಅಪಾಯವೇ ಹೆಚ್ಚು.

ಪ್ರಶ್ನೆ (ಸದಸ್ಯೆ, ರಾಮನಗರ):
ನನ್ನ ತಂಗಿಗೆ 22 ವರ್ಷ, ಗಾರ್ಮೆಂಟ್ಸ್‌ನಲ್ಲಿ ಕೆಲಸ, ತೂಕ 90 ಕೆ.ಜಿ. ಬಿಪಿ, ಶುಗರ್ ತಪಾಸಣೆ 30 ದಾಟಿದವರಿಗೆ ಮಾತ್ರ ಎಂದು ಊರಿನಲ್ಲಿ ಹೇಳಿದರು.

ಉತ್ತರ:
ಮನೆಮನೆಯ ತಪಾಸಣೆ 30 ವರ್ಷದಿಂದ ಆರಂಭವಾಗುವುದು ನಿಜ. ಮಕ್ಕಳ ಕಾರ್ಯಕ್ರಮಗಳು 18-19ಕ್ಕೆ ಮುಗಿಯುತ್ತವೆ. ನಡುವಿನ ಹತ್ತು-ಹನ್ನೆರಡು ವರ್ಷದವರನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಆದರೆ ಆ ವಯಸ್ಸಿನ ಮಿತಿ ಇರುವುದು ತಪಾಸಣೆಗೆ ಮಾತ್ರ, ಚಿಕಿತ್ಸೆಗೆ ಅಲ್ಲ. ಅವರಿಗೆ ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡ್ ಇದ್ದರೆ ಡಿಸ್ಪೆನ್ಸರಿಯಿಂದ ಇಎಸ್‌ಐ ಆಸ್ಪತ್ರೆಗೆ ರೆಫರಲ್ ಕೇಳಲಿ; "ತೂಕ ಇಳಿಸಬೇಕು" ಎನ್ನುವುದಕ್ಕಿಂತ ಮಂಡಿನೋವು, ಮುಟ್ಟಿನ ಏರುಪೇರು, ಗೊರಕೆ, ಇರುವ ತೊಂದರೆಯನ್ನು ಹೆಸರಿಸಿ ಹೇಳಿದರೆ ಚೀಟಿ ಬೇಗ ಸಿಗುತ್ತದೆ.

ಶಿಕ್ಷಕಿ:
ಧನ್ಯವಾದ ಡಾಕ್ಟರ್. ತಾಯಿಗೆ ಫೋನ್ ಮಾಡಿದೆ, ಶನಿವಾರ ಮಧ್ಯಾಹ್ನ ಹೋಗುತ್ತಾರೆ. ಅಲ್ಲಿಯವರೆಗೆ ಶಾಲೆಯಲ್ಲಿ ತೂಕ ನೋಡುತ್ತಿರಲೇ?

ಉತ್ತರ:
ಶನಿವಾರ ಮಧ್ಯಾಹ್ನ ಹೊರರೋಗಿ ವಿಭಾಗ ತೆರೆದಿರುತ್ತದೆಯೇ ಎಂದು ಮೊದಲು ಆಸ್ಪತ್ರೆಗೆ ಕರೆ ಮಾಡಿ ಕೇಳಿ. ತೂಕವನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ತರಗತಿಯ ಮುಂದೆ ಬೇಡ, ಸಂಖ್ಯೆಯನ್ನು ಗಟ್ಟಿಯಾಗಿ ಓದುವುದೂ ಬೇಡ. ಕಾರ್ಡಿನಲ್ಲಿ ಬರೆದು ಅವಳ ಕೈಗೇ ಕೊಡಿ.