ದಸರಾ ರಜೆಗೆ ಶ್ರೀಲಂಕಾ, ಅಪ್ಪ-ಅಮ್ಮ ಮಕ್ಕಳ ಜೊತೆ: ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದವರು, ತುಮಕೂರು:

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಶ್ರೀಲಂಕಾಕ್ಕೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾವಿಬ್ಬರು, ಇಬ್ಬರು ಮಕ್ಕಳು, ಅಪ್ಪ-ಅಮ್ಮ. ಅಪ್ಪನಿಗೆ ಹಳೇ ಗುಡಿ, ಶಾಸನ ಅಂದರೆ ಹುಚ್ಚು. ಮಕ್ಕಳಿಗೆ ಆನೆ, ಚಿರತೆ ಬೇಕು. ಅಮ್ಮನಿಗೆ ಮಂಡಿನೋವು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಏಜೆಂಟ್ ಒಬ್ಬರು ಗೈಡ್ ಸಮೇತ ಏಳು ದಿನದ ಪಟ್ಟಿ ಕೊಟ್ಟಿದ್ದಾರೆ: ಅನುರಾಧಪುರ, ಸಿಗಿರಿಯಾ, ದಂಬುಲ್ಲ, ಪೊಲೊನ್ನರುವ, ಕ್ಯಾಂಡಿ, ನುವರ ಎಲಿಯ, ಯಾಲಾದಲ್ಲಿ ಸಫಾರಿ, ಮಿರಿಸ್ಸಾದಲ್ಲಿ ತಿಮಿಂಗಿಲ, ಗಾಲೆ ಕೋಟೆ, ಕೊಲಂಬೊ. ಇಷ್ಟೆಲ್ಲ ಆಗುತ್ತದಾ? ಗೈಡ್ ಬೇಕೇ ಬೇಕಾ? ಊಟದ ಗತಿ ಏನು?

ಚಿಕ್ಕಬಳ್ಳಾಪುರದ ಮೇಷ್ಟ್ರು:

ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ಪಟ್ಟಿ. ದೇಶ ಪುಟ್ಟದು, ಆದರೂ ಮಳೆ ಎರಡು ಕಡೆಯಿಂದ ಬರುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ, ಗಾಲೆ, ಮಿರಿಸ್ಸಾ ಕಡೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಟ್ರಿಂಕೋಮಲಿ, ಪೊಲೊನ್ನರುವ ಕಡೆ. ನಡುವಿನ ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಎಲ್ಲಿ ಬೇಕಾದರೂ ಗುಡುಗು ಮಳೆ. ದಸರಾ ಸರಿಯಾಗಿ ಅದರೊಳಗೇ ಬಂದು ಕೂರುತ್ತದೆ. ಹಾಗಾಗಿ ಹೊರಗಿನ ಸುತ್ತಾಟವನ್ನೆಲ್ಲ ಬೆಳಿಗ್ಗೆಗೇ ಇಟ್ಟುಕೊಳ್ಳಿ.

ಇನ್ನು ಪಟ್ಟಿ. ಮಿರಿಸ್ಸಾದಲ್ಲಿ ನೀಲಿ ತಿಮಿಂಗಿಲದ ಕಾಲ ನವೆಂಬರ್‌ನಿಂದ ಏಪ್ರಿಲ್. ಯಾಲಾದ ಮುಖ್ಯ ಭಾಗವಾದ ಬ್ಲಾಕ್ 1 ಅನ್ನು ಬಹುತೇಕ ವರ್ಷ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತಾರೆ. ಅಂದರೆ ನಿಮ್ಮ ಏಜೆಂಟ್ ದುಡ್ಡು ತೆಗೆದುಕೊಂಡು ತೋರಿಸುವುದು ಮುಚ್ಚಿದ ಗೇಟು, ಖಾಲಿ ಸಮುದ್ರ. ಅವರನ್ನೇ ಒಮ್ಮೆ ಕೇಳಿ ನೋಡಿ, ಏನು ಉತ್ತರ ಬರುತ್ತದೋ.

ಯಾಲಾ, ಮಿರಿಸ್ಸಾ, ಗಾಲೆ ಇರುವ ದಕ್ಷಿಣವನ್ನು ಪೂರ್ತಿ ಕೈಬಿಡಿ. ಕಟುನಾಯಕ ವಿಮಾನ ನಿಲ್ದಾಣ ಇರುವುದು ಕೊಲಂಬೊದ ಹೊರಗೆ, ನೆಗೊಂಬೊ ಪಕ್ಕ. ಬೆಂಗಳೂರಿನಿಂದ ಹಾರಾಟ ಒಂದೂವರೆ ಗಂಟೆ. ಅಲ್ಲಿಂದ ಸಿಗಿರಿಯಾಕ್ಕೆ ಕಾರಿನಲ್ಲಿ ನಾಲ್ಕು ಗಂಟೆ. ಸಿಗಿರಿಯಾ, ಹಬರಣ, ದಂಬುಲ್ಲ ಈ ಮೂರರಲ್ಲಿ ಒಂದು ಕಡೆ ರೂಮು ಮಾಡಿ ನಾಲ್ಕು ರಾತ್ರಿ ಇದ್ದುಬಿಡಿ. ಪೊಲೊನ್ನರುವ, ಅನುರಾಧಪುರ ಎರಡನ್ನೂ ಅಲ್ಲಿಂದಲೇ ಹೋಗಿ ಸಂಜೆಗೆ ವಾಪಸ್ ಬರಬಹುದು. ಆಮೇಲೆ ಕ್ಯಾಂಡಿ, ಅಲ್ಲಿಂದ ಮನೆಗೆ. ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚುವ ಪ್ರವಾಸದಲ್ಲಿ ವಯಸ್ಸಾದವರಿಗೆ ಸಿಗುವುದು ಸುಸ್ತು ಮಾತ್ರ. ರಸ್ತೆ ಚೆನ್ನಾಗಿದೆ, ಆದರೂ ಗಂಟೆಗೆ ನಲವತ್ತು ಕಿ.ಮೀ. ಅಂತಲೇ ಲೆಕ್ಕ ಹಾಕಿ.

ಚಿಂತಾಮಣಿಯಿಂದ, ಕ್ಯಾಮೆರಾ ಹುಚ್ಚಿನವನು:

ಮೇಷ್ಟ್ರು ಹೇಳಿದ್ದು ಸರಿ. ಪ್ರಾಣಿಗಳ ವಿಷಯ ನಾನು ಹೇಳುತ್ತೇನೆ.

ಹಬರಣದ ಸುತ್ತ ಮೂರು ಕಾಡು: ಮಿನ್ನೇರಿಯ, ಕೌಡುಲ್ಲ, ಹುರುಲು. ಮಿನ್ನೇರಿಯ ಅಂದರೆ ಮೂರನೇ ಶತಮಾನದ ಕೊನೆಯಲ್ಲಿ ಮಹಾಸೇನ ರಾಜ ಕಟ್ಟಿಸಿದ ಕೆರೆ. ಮಳೆಯಿಲ್ಲದ ತಿಂಗಳುಗಳಲ್ಲಿ ಸುತ್ತಲಿನ ಕಾಡು ಒಣಗುತ್ತದೆ. ಕೆರೆಯ ನೀರು ಹಿಂದೆ ಸರಿದ ಕಡೆ ಹೊಸ ಹುಲ್ಲು ಚಿಗುರುತ್ತದೆ. ಆ ಹುಲ್ಲಿಗೆ ನೂರಾರು ಆನೆ ಬಂದು ಸೇರುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಜೋರು. ಈಚೆಗೆ ಮೇಲಿನ ಮೊರಗಹಕಂದ ಅಣೆಕಟ್ಟಿನಿಂದ ನೀರು ಬಿಡುವ ಕಾರಣ ಆ ತಿಂಗಳುಗಳಲ್ಲೂ ಕೆರೆ ತುಂಬಿ, ಹುಲ್ಲು ಮುಳುಗಿ, ಆನೆಗಳು ಬೇರೆ ಕಡೆ ಹೋದ ವರ್ಷಗಳೂ ಇವೆ. ಅಕ್ಟೋಬರ್‌ನಲ್ಲಿ ಮಳೆ ಶುರುವಾದರೆ ಹಿಂಡು ಕೌಡುಲ್ಲಕ್ಕೋ ಹುರುಲಿಗೋ ಸರಿಯುತ್ತದೆ. ಆದ್ದರಿಂದ ಊರಿನಿಂದಲೇ 'ಮಿನ್ನೇರಿಯ ಸಫಾರಿ' ಅಂತ ಬುಕ್ ಮಾಡಬೇಡಿ. ಆನೆ ನಿನ್ನೆ ಯಾವ ಕಾಡಿನಲ್ಲಿತ್ತು ಅಂತ ಹಬರಣದ ಜೀಪಿನವರಿಗೆ ಆ ದಿನ ಗೊತ್ತಿರುತ್ತದೆ. ಅವರು ಹೇಳಿದ ಕಡೆ ಹೋಗಿ.

ಮಕ್ಕಳಿಗೆ ಮೊದಲೇ ಹೇಳಿಡಿ, ಅಲ್ಲಿ ಗಂಡಾನೆಗೂ ಸಾಮಾನ್ಯವಾಗಿ ಕೋರೆ ಇರುವುದಿಲ್ಲ. ಹತ್ತರಲ್ಲಿ ಒಂದಕ್ಕೂ ಇಲ್ಲ. ಬಂಡೀಪುರ ನೋಡಿದ ಮಕ್ಕಳು 'ಎಲ್ಲಾ ಹೆಣ್ಣಾನೆ' ಅಂದುಕೊಳ್ಳುತ್ತಾರೆ.

ಚಿರತೆ ಬಿಟ್ಟುಬಿಡಿ. ದ್ವೀಪದಲ್ಲಿ ಹುಲಿ ಇಲ್ಲ, ಸಿಂಹ ಇಲ್ಲ, ಹಾಗಾಗಿ ಅಲ್ಲಿ ಚಿರತೆಯೇ ದೊರೆ. ಹಗಲಲ್ಲೂ ಧೈರ್ಯವಾಗಿ ಓಡಾಡುತ್ತದೆ ನಿಜ. ಆದರೆ ಅದಕ್ಕೆ ಯಾಲಾ ಅಥವಾ ವಿಲ್ಪತ್ತು ಬೇಕು. ಯಾಲಾದಲ್ಲಿ ಒಂದು ಚಿರತೆ ಕಂಡರೆ ಜೀಪುಗಳ ಜಾತ್ರೆ. ವಿಲ್ಪತ್ತು ದೇಶದಲ್ಲೇ ದೊಡ್ಡ ರಾಷ್ಟ್ರೀಯ ಉದ್ಯಾನ, ಅಲ್ಲಿ ಜನ ಕಡಿಮೆ, ಒಳಗೆಲ್ಲ ಮಳೆನೀರು ನಿಲ್ಲುವ ದೊಡ್ಡ ದೊಡ್ಡ ಹೊಂಡಗಳು. ಚಿರತೆ ಕಾಣದೆ ವಾಪಸ್ ಬರುವ ದಿನವೂ ಜಾಸ್ತಿ. ಸುಮ್ನೆ ಮಕ್ಕಳ ಆಸೆ ಏರಿಸಬೇಡಿ. ದೇವರಾಯನದುರ್ಗದ ಕಡೆ ವೀಸಾ ಇಲ್ಲದೇ ಚಿರತೆ ಕಾಣಬಹುದು, ಅಲ್ವಾ.

ಗುಬ್ಬಿಯಿಂದ:

ಅಮ್ಮನ ವಿಷಯ ನಾನು ಹೇಳುತ್ತೇನೆ. ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆವು.

ಸಿಗಿರಿಯಾ ಅಂದರೆ ದೊಡ್ಡ ಬಂಡೆಯ ಮೇಲಿನ ಹಳೇ ಕೋಟೆ, ಹತ್ತಲು ಸುಮಾರು 1,200 ಮೆಟ್ಟಿಲು. ಮಧ್ಯೆ ಕಬ್ಬಿಣದ ಸುತ್ತು ಮೆಟ್ಟಿಲು ಹತ್ತಿದರೆ ಬಣ್ಣದ ಚಿತ್ರಗಳು, ಅಲ್ಲಿ ಫೋಟೊ ತೆಗೆಯುವ ಹಾಗಿಲ್ಲ. ಮೇಲೆ ಸಿಂಹದ ಪಂಜ, ಅಲ್ಲಿಂದ ಇನ್ನೊಂದು ಕಡಿದಾದ ಏರು. ಮಂಡಿನೋವಿದ್ದವರಿಗೆ ಬೇಡವೇ ಬೇಡ. ಹಾಗಂತ ಅಮ್ಮನನ್ನು ರೂಮಿನಲ್ಲೂ ಬಿಡಬೇಡಿ. ಕೆಳಗೆ ಹಳೇ ಕಾಲದ ನೀರಿನ ತೋಟಗಳಿವೆ, ನೆಲ ಸಮವಾಗಿದೆ, ಮರದ ನೆರಳಿದೆ. ಮ್ಯೂಸಿಯಂ ಕೂಡ ಅಲ್ಲೇ. ಹತ್ತುವವರು ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕು, ಹತ್ತು ಗಂಟೆ ಆಯಿತೆಂದರೆ ಬಂಡೆ ಕಾದು ಹೋಗುತ್ತದೆ. ಬಂಡೆಯ ಮೇಲೆ ಕಣಜದ ಗೂಡುಗಳಿವೆ, ಗಲಾಟೆ ಮಾಡಬೇಡಿ ಅಂತ ಬೋರ್ಡೇ ಹಾಕಿದ್ದಾರೆ. ಮಕ್ಕಳಿಗೆ ಅದನ್ನು ಕೆಳಗೇ ಹೇಳಿ.

ದಂಬುಲ್ಲ ಗುಹೆಗಳಿಗೂ ಮೆಟ್ಟಿಲಿದೆ, ನಿಧಾನಕ್ಕೆ ಕೂತು ಎದ್ದು ಹತ್ತಿದರು. ಐದು ಗುಹೆ, ಒಳಗೆ ಸಾಲು ಸಾಲು ಬುದ್ಧ, ಚಾವಣಿ ತುಂಬ ಚಿತ್ರ. ಚಪ್ಪಲಿ ಹೊರಗೇ ಬಿಡಬೇಕು, ಬರಿಗಾಲಿಗೆ ಕಲ್ಲು ಸುಡುತ್ತದೆ. ಕಾಲುಚೀಲ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಎಲ್ಲರಿಗೂ ಬೇಕು. ಬುದ್ಧನಿಗೆ ಬೆನ್ನು ತೋರಿಸಿ ಸೆಲ್ಫಿ ತೆಗೆದರೆ ಅಲ್ಲಿಯವರು ತುಂಬಾ ಬೇಜಾರು ಮಾಡಿಕೊಳ್ಳುತ್ತಾರೆ.

ಊಟ. ಬೆಳಿಗ್ಗೆ ಒತ್ತು ಶಾವಿಗೆ, ತೆಂಗಿನಹಾಲಿನ ಬೇಳೆ ಸಾರು. ಅಮ್ಮನಿಗೆ ಇಷ್ಟವಾಗುತ್ತದೆ. ಆಪ್ಪ, ತೆಂಗಿನಕಾಯಿ ರೊಟ್ಟಿ, ಎಳೆ ಹಲಸಿನಕಾಯಿ ಪಲ್ಯ, ಮಡಕೆಯಲ್ಲಿ ಹೆಪ್ಪು ಹಾಕಿದ ಎಮ್ಮೆ ಮೊಸರಿನ ಮೇಲೆ ಬೈನೆ ಮರದ ಪಾಕ. ಒಂದೇ ಒಂದು ಹುಷಾರು: ಕಾಯಿ ಚಟ್ನಿ ಹಾಗೆ ಕಾಣುವ ಸಂಬೋಲ. ಅದರಲ್ಲಿ, ಕೆಲವು ತರಕಾರಿ ಪಲ್ಯದಲ್ಲೂ, ಒಣಮೀನಿನ ಪುಡಿ ಹಾಕುತ್ತಾರೆ, ಅದಕ್ಕೆ ಉಂಬಲಕಡ ಅನ್ನುತ್ತಾರೆ. 'ವೆಜಿಟೇರಿಯನ್' ಅಂದರೆ ಸಾಲುವುದಿಲ್ಲ. 'ಉಂಬಲಕಡ ಬೇಡ' ಅಂತ ಹೆಸರು ಹಿಡಿದು ಹೇಳಬೇಕು. ಗೈಡ್ ಇದ್ದರೆ ಹೋಟೆಲ್ ಅಡುಗೆಮನೆಗೆ ಅವರೇ ಹೋಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಗೈಡಿಗೆ ಕೊಟ್ಟ ದುಡ್ಡು ಅಲ್ಲೇ ವಸೂಲಾಯಿತು. ಅತ್ತೆಗೆ ರಾಗಿ ಇಲ್ಲದೆ ಆಗುವುದಿಲ್ಲ ಅಂತ ಹಿಟ್ಟು ಕಟ್ಟಿಕೊಂಡು ಹೋಗಿದ್ದೆವು. ನೋಡಿದರೆ ಅಲ್ಲೂ ರಾಗಿ ಬೆಳೆಯುತ್ತಾರೆ, ಕುರಕ್ಕನ್ ಅನ್ನುತ್ತಾರೆ. ಹಳ್ಳಿ ಕಡೆ ಮುದ್ದೆಯ ಹಾಗೇ ತೊಳೆಸಿ ತಿನ್ನುತ್ತಾರೆ.

ತಿಪಟೂರಿನಿಂದ:

ಊಟ ಅಂದಿರಲ್ಲ, ಒಂದು ಸೇರಿಸುತ್ತೇನೆ. ದಾರಿಯಲ್ಲಿ ಕಿತ್ತಳೆ ಬಣ್ಣದ ಎಳನೀರು ಇಟ್ಟಿರುತ್ತಾರೆ, ತಂಬಿಲಿ. ಕುಡಿಯಿರಿ. ನಮ್ಮ ಎಳನೀರಿನ ಮುಂದೆ ಏನೂ ಅಲ್ಲ ಅಂತ ನಾನು ಹೇಳಿದರೆ ಪಕ್ಷಪಾತ ಆಗುತ್ತದೆ.

ಕೋಲಾರ, ನಿವೃತ್ತ ಇಂಜಿನಿಯರ್:

ತಂದೆಯವರಿಗೆ ಶಾಸನದ ಹುಚ್ಚು ಅಂದಿದ್ದೀರಿ. ಹಾಗಾದರೆ ಪೊಲೊನ್ನರುವಕ್ಕೆ ಇಡೀ ದಿನ ಕೊಡಿ. ಏಜೆಂಟ್ ಪಟ್ಟಿಗಳಲ್ಲಿ ಅದಕ್ಕೆ ಅರ್ಧ ದಿನ ಹಾಕಿ ಮುಗಿಸುತ್ತಾರೆ. ನನಗೆ ಅದು ಸಿಗಿರಿಯಾಗಿಂತ ಮೇಲು.

ರಾಜರಾಜ ಚೋಳನ ಸೇನೆ 993ರ ಹೊತ್ತಿಗೆ ದ್ವೀಪಕ್ಕೆ ನುಗ್ಗಿ ಆಗಿನ ರಾಜಧಾನಿ ಅನುರಾಧಪುರವನ್ನು ಹಾಳು ಮಾಡಿತು. ಚೋಳರು ಆಳಿದ್ದು ಪೊಲೊನ್ನರುವದಿಂದ. 1070ರಲ್ಲಿ ಒಂದನೇ ವಿಜಯಬಾಹು ಅವರನ್ನು ಓಡಿಸಿದ. ಚೋಳರು ಬಿಟ್ಟುಹೋದದ್ದರಲ್ಲಿ ಚೆನ್ನಾಗಿ ಉಳಿದಿರುವುದು ಎರಡನೇ ಶಿವ ದೇವಾಲಯ ಅನ್ನುವ ಪುಟ್ಟ ಕಲ್ಲಿನ ಗುಡಿ. ರಾಜೇಂದ್ರ ಚೋಳನ ತಾಯಿ ವಾನವನ್ ಮಹಾದೇವಿಯ ಹೆಸರಿನದು. ಅದೇ ರಾಜೇಂದ್ರನ ಕಾಲದ ಶಾಸನ ನಮ್ಮ ಕೋಲಾರಮ್ಮನ ಗುಡಿಯಲ್ಲಿದೆ. ಹೊರಡುವ ಮುಂಚೆ ಒಂದು ಭಾನುವಾರ ತಂದೆಯವರನ್ನು ಇಲ್ಲಿಗೆ ಕರೆದುಕೊಂಡು ಬನ್ನಿ, ಅಲ್ಲಿನ ಗುಡಿ ಅವರಿಗೆ ಬೇರೆಯದೇ ರೀತಿ ಕಾಣುತ್ತದೆ.

ಪೊಲೊನ್ನರುವದಲ್ಲೇ ಇರುವ ಗಲ್ ವಿಹಾರದಲ್ಲಿ ಒಂದೇ ಬಂಡೆಗೆ ಕೊರೆದ ನಾಲ್ಕು ಬುದ್ಧರು. ಮಲಗಿದ ಮೂರ್ತಿ ಸುಮಾರು 14 ಮೀಟರ್ ಉದ್ದ. ತಲೆಯ ಭಾರಕ್ಕೆ ದಿಂಬು ಕುಗ್ಗಿರುವುದನ್ನೂ ಕಲ್ಲಿನಲ್ಲೇ ಕೆತ್ತಿದ್ದಾರೆ, ಅದನ್ನು ಹುಡುಕಿ ನೋಡಲು ಹೇಳಿ.

ಆಮೇಲೆ ಕೆರೆ. ಕೆರೆಗಳ ಜಿಲ್ಲೆಯಲ್ಲೇ ಕೆಲಸ ಮಾಡಿದವನು ನಾನು, ಇದನ್ನು ಬಿಟ್ಟು ಮುಂದೆ ಹೋಗಲಾರೆ. ಹನ್ನೆರಡನೇ ಶತಮಾನದಲ್ಲಿ ಪರಾಕ್ರಮಬಾಹು ವಿಸ್ತರಿಸಿದ ಪರಾಕ್ರಮ ಸಮುದ್ರದ ಏರಿ 13 ಕಿ.ಮೀ.ಗೂ ಜಾಸ್ತಿ. ಏರಿಯ ಮೇಲೆ ಸಂಜೆ ಹೊತ್ತು ನಡೆಯಬಹುದು. ಆ ಒಣ ಪ್ರದೇಶದ ತುಂಬ ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹೋಗುವ ಹಾಗೆ ಸರಪಳಿ ಇದೆ, ನಮ್ಮಲ್ಲಿರುವಂತೆಯೇ. ಅವರ ತೂಬಿನಲ್ಲಿ ಒಂದು ವಿಶೇಷ ಉಂಟು. ಏರಿಯ ಒಳಮೈಗೆ ಚೌಕಾಕಾರದ ಬಾವಿಯಂಥ ಕಟ್ಟಡ, ಹೆಸರು ಬಿಸೋಕೊಟುವ. ಆಳದ ಕೆರೆಯ ನೀರು ರಭಸದಿಂದ ನುಗ್ಗಿ ಏರಿಯನ್ನು ಕೊರೆಯದಂತೆ ಒತ್ತಡ ಅಲ್ಲಿ ಇಳಿಯುತ್ತದೆ, ಬೇಕಾದಷ್ಟೇ ನೀರು ಕಾಲುವೆಗೆ ಹೋಗುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಬುದ್ಧಿ ಅದು. ನಿಮ್ಮ ಗೈಡ್‌ಗೆ ಇದು ಗೊತ್ತಿದೆಯಾ ಅಂತ ಫೋನಿನಲ್ಲೇ ಕೇಳಿ. ಗೊತ್ತಿದ್ದರೆ ಅವರನ್ನೇ ಗೊತ್ತು ಮಾಡಿಕೊಳ್ಳಿ.

ಕ್ಯಾಂಡಿಯಲ್ಲಿ ಬುದ್ಧನ ದಂತಧಾತುವಿನ (ಹಲ್ಲಿನ) ದೇವಾಲಯವನ್ನು ಎಲ್ಲರೂ ತೋರಿಸುತ್ತಾರೆ. ಅಲ್ಲಿಯ ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ, ಮಧುರೈ ಮೂಲದ ನಾಯಕ ಮನೆತನದವನು. 1815ರಲ್ಲಿ ಬ್ರಿಟಿಷರು ಹಿಡಿದು ವೆಲ್ಲೂರಿಗೆ ಗಡಿಪಾರು ಮಾಡಿದರು, 1832ರಲ್ಲಿ ಅಲ್ಲೇ ತೀರಿಕೊಂಡ. ಅವನ ಸಮಾಧಿ ಇರುವುದು ಪಾಲಾರ್ ದಂಡೆಯಲ್ಲಿ. ನಂದಿಬೆಟ್ಟದ ಕಡೆ ಹುಟ್ಟಿ ನಮ್ಮ ಬೇತಮಂಗಲದ ಮೇಲೆ ಹರಿಯುವ ಅದೇ ಪಾಲಾರ್.

ಗೌರಿಬಿದನೂರಿನಿಂದ:

ಎಲ್ಲರೂ ಗೈಡ್ ಗೈಡ್ ಅನ್ನುತ್ತಿದ್ದೀರಿ. ನನ್ನ ಅನುಭವ ಬೇರೆ. ನಮ್ಮನ್ನು ಕರೆದುಕೊಂಡು ಹೋದವರು ಮಾತಳೆ ದಾರಿಯ ಮಸಾಲೆ ತೋಟ, ಹರಳಿನ ಅಂಗಡಿ, ಬಾಟಿಕ್ ಅಂಗಡಿ, ಮರದ ಕೆತ್ತನೆ ಅಂಗಡಿ ಒಂದನ್ನೂ ಬಿಡಲಿಲ್ಲ. ಕೊಂಡರೆ ಅವರಿಗೆ ಕಮಿಷನ್. ಅನುರಾಧಪುರಕ್ಕೆ ಹೊತ್ತಿಲ್ಲ ಅಂದರು, ಅಂಗಡಿಗೆ ಹೊತ್ತಿತ್ತು.

ಆದರೂ ಆರು ಜನ, ವಯಸ್ಸಾದವರು ಅಂದರೆ ಕಾರು ಬೇಕು, ನಿಜ. ಹಾಗಾಗಿ ಇಷ್ಟು ಮಾಡಿ. ಗಾಡಿ ಓಡಿಸುತ್ತಾ ಗೈಡ್ ಕೆಲಸವನ್ನೂ ಮಾಡುವವರಿಗೆ ಅಲ್ಲಿನ ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರದ ಲೈಸೆನ್ಸ್ ಇರುತ್ತದೆ, ಅದರ ಫೋಟೊ ಕೇಳಿ. ಬರೀ ಡ್ರೈವರ್ ಕಡಿಮೆಗೆ ಸಿಗುತ್ತಾರೆ, ಆದರೆ ಅವರು ಸ್ಮಾರಕದ ಗೇಟಿನವರೆಗೆ ಮಾತ್ರ. 'ಅಂಗಡಿಗೆ ನಿಲ್ಲಿಸುವುದು ಬೇಡ' ಅಂತ ಮೊದಲೇ ಮೆಸೇಜಿನಲ್ಲಿ ಬರೆದು ಒಪ್ಪಿಸಿಕೊಳ್ಳಿ. ಪೆಟ್ರೋಲು, ಪಾರ್ಕಿಂಗ್, ಡ್ರೈವರ್ ಊಟ ವಸತಿ, ಜೀಪಿನ ಬಾಡಿಗೆ, ಪ್ರವೇಶ ಟಿಕೆಟ್, ಯಾವುದು ಒಳಗೆ ಯಾವುದು ಹೊರಗೆ ಅಂತ ಬಿಡಿಬಿಡಿಯಾಗಿ ಕೇಳಿ. ಕಡಿಮೆ ರೇಟಿನ ಪ್ಯಾಕೇಜಲ್ಲಿ ಟಿಕೆಟ್ ಹೊರಗೇ ಇರುತ್ತದೆ. ಸಿಗಿರಿಯಾದಂಥ ಕಡೆ ವಿದೇಶಿಯರಿಗೆ ದರ ಜಾಸ್ತಿ, ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ರಿಯಾಯಿತಿ ಉಂಟು. ಅಸಲಿ ಪಾಸ್‌ಪೋರ್ಟ್ ತೋರಿಸಬೇಕು, ಹೋಟೆಲಿನ ಲಾಕರಿನಲ್ಲಿಟ್ಟು ಬಂದರೆ ಪೂರ್ತಿ ದರ ಕಟ್ಟಬೇಕಾಗುತ್ತದೆ.

ಆನೆ ಸವಾರಿ ಅಂತ ಯಾರಾದರೂ ಕರೆದರೆ ಬೇಡ ಅನ್ನಿ. ದಿನವಿಡೀ ಬಿಸಿಲಲ್ಲಿ ಸರಪಳಿ ಹಾಕಿ ನಿಲ್ಲಿಸಿರುತ್ತಾರೆ. ಕಾಡಿನಲ್ಲಿ ನೋಡಿದ ಮೇಲೆ ಅದನ್ನು ನೋಡಲು ಮನಸ್ಸೂ ಬರುವುದಿಲ್ಲ.

ಕೇಳಿದವರು, ತುಮಕೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏಜೆಂಟ್‌ಗೆ ಫೋನ್ ಮಾಡಿ ಯಾಲಾ ಗೇಟಿನ ವಿಷಯ ಕೇಳಿದೆ. 'ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ ಸರ್' ಅಂದರು. ಅವರನ್ನು ಬಿಟ್ಟೆವು. ಹಬರಣದಲ್ಲಿ ನಾಲ್ಕು ರಾತ್ರಿ, ಕ್ಯಾಂಡಿಯಲ್ಲಿ ಎರಡು ಅಂತ ಇಟ್ಟುಕೊಂಡಿದ್ದೇವೆ. ಒಂದೇ ತಕರಾರು: ಅಮ್ಮನಿಗೆ ನುವರ ಎಲಿಯ ಹತ್ತಿರದ ಸೀತಮ್ಮನ ಗುಡಿ ನೋಡಲೇಬೇಕಂತೆ. ಆವನಿ ಬೆಟ್ಟದ ಸೀತಮ್ಮನನ್ನು ನೋಡಿದ್ದೇನೆ, ಅಶೋಕವನವನ್ನೂ ನೋಡಿಬಿಡುತ್ತೇನೆ ಅನ್ನುತ್ತಾರೆ. ಕ್ಯಾಂಡಿಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾ? ರೈಲಿನಲ್ಲಿ?

ಚಿಕ್ಕಬಳ್ಳಾಪುರದ ಮೇಷ್ಟ್ರು:

ಒಂದೇ ದಿನ ಬೇಡ. ಘಾಟಿ ರಸ್ತೆ, ಹೋಗಲು ಎರಡೂವರೆ ಮೂರು ಗಂಟೆ, ಬರಲು ಅಷ್ಟೇ. ಕ್ಯಾಂಡಿಯ ಎರಡನೇ ರಾತ್ರಿಯನ್ನು ನುವರ ಎಲಿಯಕ್ಕೆ ಕೊಡಿ, ಬೆಳಿಗ್ಗೆ ಗುಡಿ ನೋಡಿ ನೇರ ಇಳಿಯಿರಿ. ವಿಮಾನ ರಾತ್ರಿಯದಾಗಿರಬೇಕು, ನೋಡಿಕೊಳ್ಳಿ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತದಿಂದ ಆ ಗುಡ್ಡಗಳಲ್ಲಿ ರಸ್ತೆ, ರೈಲು ಹಳಿ ಎರಡಕ್ಕೂ ತುಂಬಾ ಪೆಟ್ಟು ಬಿದ್ದಿತ್ತು. ರೈಲು ನಂಬಿಕೊಂಡು ಯೋಜನೆ ಹಾಕುವ ಮೊದಲು ಓಡುತ್ತಿದೆಯಾ ಅಂತ ಗೈಡ್ ಹತ್ತಿರ ಕೇಳಿ. ಓಡುತ್ತಿದ್ದರೆ ರಿಸರ್ವ್ ಸೀಟು ತಿಂಗಳು ಮುಂಚೆ ತೆರೆದ ಕೂಡಲೇ ಹಿಡಿಯಬೇಕು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಅಲ್ಲಿನ ಸರ್ಕಾರದ ಇಟಿಎ (ಆನ್‌ಲೈನ್ ಪ್ರವೇಶ ಅನುಮತಿ) ಜಾಲತಾಣದಲ್ಲೇ ನೋಡಿ. ಅದನ್ನು ಬೇರೆ ಏಜೆಂಟ್ ಕೈಗೆ ಕೊಡಬೇಡಿ.

ನುವರ ಎಲಿಯ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಅಮ್ಮನ ಸ್ವೆಟರ್, ಮಫ್ಲರ್ ಕೈಚೀಲದಲ್ಲೇ ಇರಲಿ.