4 ಇಂಚಿನ ಗ್ರೈಂಡರ್: ಪೈಪ್ ಕೊಯ್ಯುವಾಗ ಡಿಸ್ಕ್ ಕಚ್ಚಿ ಜಗ್ಗುತ್ತೆ, ಗಾರ್ಡ್ ತೆಗೀಬಹುದಾ?

ಹೊಸ_ಕೈ:
ಒಂದಿಂಚಿನ ಎಂಎಸ್ (ಮೈಲ್ಡ್ ಸ್ಟೀಲ್) ಚೌಕ ಪೈಪ್, 1 ಮಿ.ಮೀ. ಕಟಿಂಗ್ ಡಿಸ್ಕ್. ಪೈಪಿನ ಎರಡೂ ತುದಿಗೆ ಇಟ್ಟಿಗೆ ಕೊಟ್ಟು ನಡುವೆ ಕೊಯ್ತಿದ್ದೀನಿ. ಮುಕ್ಕಾಲು ಇಳಿಯೋ ಹೊತ್ತಿಗೆ ಡಿಸ್ಕ್ ಕಚ್ಚಿಕೊಂಡು ಮಷಿನ್ ಕೈಯಿಂದ ಕಿತ್ತುಹೋಗೋ ಹಾಗೆ ಜಗ್ಗುತ್ತೆ. ಡಿಸ್ಕ್ ಮುಚ್ಚೋ ಗಾರ್ಡ್ ಅಡ್ಡ ಬಂದು ಗೆರೆಯೂ ಕಾಣಲ್ಲ, ತೆಗೆದುಬಿಡಲಾ? ಇದಕ್ಕೇ ಮರ ಕೊಯ್ಯೋ ಹಲ್ಲಿನ ಬ್ಲೇಡ್ ಹಾಕಬಹುದಾ?

ಗ್ರಿಲ್_ಕೆಲಸ:
ಗಾರ್ಡ್ ತೆಗೀಬೇಡಿ ಸರ್, ಜಗ್ಗೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ತೊಂದರೆ ಇರೋದು ಇಟ್ಟಿಗೆ ಇಟ್ಟ ಜಾಗದಲ್ಲಿ. ಎರಡು ತುದಿಗೆ ಆಸರೆ ಕೊಟ್ಟು ನಡುವೆ ಕೊಯ್ದರೆ ಪೈಪ್ ಅಲ್ಲೇ ಬಾಗುತ್ತೆ, ಕೊಯ್ದ ಸಂದಿ ಮೇಲಿನಿಂದ ಮುಚ್ಚಿಕೊಂಡು ಡಿಸ್ಕನ್ನ ಹಿಡಿಯುತ್ತೆ. ಬೇಕಾದ ಕಡೆಯನ್ನ ಬೆಂಚಿಗೆ ಕ್ಲಾಂಪ್ ಹಾಕಿ ಬಿಗೀರಿ, ಬೀಳೋ ತುಂಡು ಹೊರಗೆ ತೂಗಾಡಲಿ. ಅದು ತನ್ನ ಭಾರಕ್ಕೆ ಕೆಳಗೆ ಬಾಗಿದಂತೆ ಸಂದಿ ಅಗಲ ಆಗುತ್ತೆ, ಕಚ್ಚೋದೇ ಇಲ್ಲ.

ಒಂದೇ ಸಲ ಕೆಳಗಿನವರೆಗೂ ಇಳಿಸಬೇಡಿ. ಮೂಲೆಮಟ್ಟ ಇಟ್ಟು ನಾಲ್ಕೂ ಮುಖಕ್ಕೆ ಗೆರೆ ಎಳೀರಿ, ಒಂದು ಮುಖ ಕೊಯ್ದು ಪೈಪ್ ಹೊರಳಿಸಿ ಮುಂದಿನದು. ಗಾರ್ಡಿನ ಸ್ಕ್ರೂ ಸಡಿಲಿಸಿ, ಮುಚ್ಚಿದ ಬದಿ ನಿಮ್ಮ ಮುಖದ ಕಡೆ ಬರೋ ಹಾಗೆ ತಿರುಗಿಸಿ ಬಿಗಿ ಮಾಡಿದರೆ ಗೆರೆ ಕಾಣುತ್ತೆ. ಪಕ್ಕದ ಹಿಡಿ ಹಾಕಿ ಎರಡೂ ಕೈಯಲ್ಲಿ ಹಿಡೀರಿ. ಡಿಸ್ಕ್ ತಿರುಗೋ ನೇರಕ್ಕೆ ಮುಖ ಇಡಬೇಡಿ, ಒಂದು ಪಕ್ಕಕ್ಕೆ ನಿಲ್ಲಿ.

ಹಲ್ಲಿನ ಬ್ಲೇಡ್ ಖಂಡಿತ ಬೇಡ. ಮರದ ಗಂಟಿಗೆ ಒಂದು ಹಲ್ಲು ಸಿಕ್ಕರೆ ಮಷಿನ್ ಎಗರಿ ತೊಡೆಗೋ ಕುತ್ತಿಗೆಗೋ ಬರುತ್ತೆ. ಮರಕ್ಕೆ ಬೇಸ್ ಪ್ಲೇಟ್ ಇರೋ ಸರ್ಕ್ಯುಲರ್ ಸಾ ಅಥವಾ ಜಿಗ್ ಸಾ ತಗೊಳ್ಳಿ.

ಮೋಟಾರ್_ರಿಪೇರಿ:
ಡಿಸ್ಕ್ ಮೇಲಿನ ಬರಹ ಓದಿ. 100 ಮಿ.ಮೀ. ಡಿಸ್ಕಿಗೆ ಸಾಮಾನ್ಯವಾಗಿ 15,300 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಂತ ಇರುತ್ತೆ, ಅದು ಡಿಸ್ಕ್ ತಡೆಯೋ ಗರಿಷ್ಠ ವೇಗ; ಮಷಿನ್ ಓಡೋದು ಸುಮಾರು 11,000. ಗಾರ್ಡ್ ಕಿತ್ತು ದೊಡ್ಡ ಡಿಸ್ಕ್ ಹಾಕೋರು ಇಲ್ಲೇ ಕೆಡ್ತಾರೆ: 7 ಇಂಚಿನದು 8,500ಕ್ಕೆ ಮಾಡಿದ್ದು, ಈ ವೇಗಕ್ಕೆ ಒಡೆದು ಚೂರು ಹಾರುತ್ತೆ. ನಡುವಿನ ಲೋಹದ ಬಳೆ ಮೇಲೆ ತಿಂಗಳು, ವರ್ಷ ಒತ್ತಿದ್ದರೆ ಅದು ಡಿಸ್ಕಿನ ಅವಧಿ ಮುಗಿಯೋ ದಿನ. ದಾಟಿದ್ದು, ನೀರು ಕುಡಿದದ್ದು, ಅಂಚು ಮುಕ್ಕಾದದ್ದು ಬಿಸಾಡಿ. ಹೊಸದು ಹಾಕಿದಾಗ ಅರ್ಧ ನಿಮಿಷ ಖಾಲಿ ಓಡಿಸಿ, ನಡುಗಿದರೆ ನಿಲ್ಲಿಸಿ. ಕಟಿಂಗ್ ಡಿಸ್ಕಿನ ಬದಿಯಿಂದ ಉಜ್ಜಬೇಡಿ, 1 ಮಿ.ಮೀ. ದಪ್ಪ ಅಡ್ಡ ಒತ್ತಡ ತಡೆಯಲ್ಲ. ಉಜ್ಜೋಕೆ 6 ಮಿ.ಮೀ.ನ ಗ್ರೈಂಡಿಂಗ್ ಡಿಸ್ಕ್ ಬೇರೆ ಇದೆ.

ಲುಂಗಿ, ಹೆಗಲ ಟವೆಲ್ ಬೇಡ. ಕನ್ನಡಕ ಪಕ್ಕವೂ ಮುಚ್ಚುವಂಥದ್ದಿರಲಿ. ಕಿಡಿ ಹೋಗೋ ದಿಕ್ಕಿನಲ್ಲಿ ಥಿನ್ನರ್, ತೆಂಗಿನ ಸಿಪ್ಪೆ ಇದ್ದರೆ ತೆಗೆದಿಡಿ.

ಹೊಸ_ಕೈ:
ಕ್ಲಾಂಪ್ ಹಾಕಿ ನೋಡಿದೆ, ಕಚ್ಚಲಿಲ್ಲ. ಪ್ಲಗ್‌ಗೆ ಎರಡೇ ಪಿನ್ ಇದೆ, ಅರ್ಥ್ ಬೇಡವಾ?

ಮೋಟಾರ್_ರಿಪೇರಿ:
ನೇಮ್ ಪ್ಲೇಟಿನಲ್ಲಿ ಚೌಕದೊಳಗೆ ಚೌಕ ಇದ್ದರೆ ಡಬಲ್ ಇನ್ಸುಲೇಷನ್ (ಕರೆಂಟ್ ಹೊರಗೆ ಬರದಂತೆ ಎರಡು ಪದರದ ತಡೆ), ಅರ್ಥ್ ಬೇಕಿಲ್ಲ. ಆದರೆ ತಿರುಗೋ ಡಿಸ್ಕಿಗೆ ವೈರ್ ಸಿಕ್ಕಿ ಕೊಯ್ದುಹೋಗಬಹುದು, ಅದಕ್ಕೇ ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯೋ ಸ್ವಿಚ್) ಇರಲಿ. ಎಕ್ಸ್‌ಟೆನ್ಷನ್ 1.5 ಸ್ಕ್ವೇರ್ ಎಂಎಂ ವೈರಿಂದು, ಸುತ್ತು ಪೂರ್ತಿ ಬಿಚ್ಚಿ ಬಳಸಿ. ಡಿಸ್ಕ್ ಬದಲಿಸೋ ಮುಂಚೆ ಪ್ಲಗ್ ಕೀಳಿ.

ಇನ್ನೊಂದು: ಕರೆಂಟ್ ಹೋದ ತಕ್ಷಣ ಸ್ಲೈಡ್ ಸ್ವಿಚ್ ಹಿಂದಕ್ಕೆ ತಳ್ಳಿ. ಹಾಗೇ ಬಿಟ್ಟರೆ ಕರೆಂಟ್ ಬಂದಾಗ ನೆಲದ ಮೇಲಿನ ಮಷಿನ್ ತಾನೇ ಓಡೋಕೆ ಶುರುವಾಗುತ್ತೆ.